ಯಮನೂರಪ್ಪನ ಪಾಠ

ಗಂಗಾವತಿಯ ನಮ್ಮ ಮನೆಯ ಅಡುಗೆಕಟ್ಟೆಗೆ ಹೋದ ತಿಂಗಳು ಕಲ್ಲು ಹಾಕಿಸಿದೆವು. ಕಪ್ಪು ಕಲ್ಲು ಸಾಕೆಂದು ನಾನು ಹೇಳಿದ್ದೆ. ನಮ್ಮ ಯಜಮಾನರು ನನ್ನ ಮಾತು ಕೇಳುವ ಪೈಕಿ ಅಲ್ಲ, ಗುಲಾಬಿ ಬಣ್ಣದ್ದನ್ನೇ ತಂದಿಳಿಸಿದರು. ಕಲ್ಲು ಕೂಡಿಸುವವನು ಅಂಗಳದಲ್ಲಿ ಕೂತು ಮಷಿನ್ನಿನಿಂದ ಕೊಯ್ಯುತ್ತಿದ್ದ, ಅವನ ಹೆಂಡತಿ ಮೇಲಿಂದ ನೀರು ಬಿಡುತ್ತಿದ್ದಳು. ಕಾದ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೂಗಿಗಿಂತ ಮೊದಲು ಹಲ್ಲಿಗೆ ತಾಗುವಂಥ ತಣ್ಣನೆಯ ವಾಸನೆ. ಒಳಗೆ ಅಕ್ಕಿ ಆರಿಸುತ್ತಿದ್ದವಳು ಎದ್ದು ಬಂದು, "ಸ್ವಲ್ಪ ತಡದು ಕೊಯ್ಯಪ್ಪ" ಎಂದೆ. ಅವನು ಕಾರಣ ಕೇಳಲಿಲ್ಲ. ನಾನು ಬಲ್ಲ ಒಂದು ಕ್ವಾರಿಯ ವಾಸನೆಯೂ ಅದೇ.

ಕುಷ್ಟಗಿಯಿಂದಾಚೆ, ಇಳಕಲ್ಲಿನ ಕಡೆ ಹೋಗುವಾಗ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ಕೆಲವು ವರ್ಷಗಳ ಹಿಂದೆ ನಾನು ವಿಜ್ಞಾನ ಕಲಿಸುತ್ತಿದ್ದೆ. ಕಾಲುವೆ ನೀರು, ಭತ್ತದ ಗದ್ದೆ ನೋಡಿ ಬೆಳೆದ ನನಗೆ ಆ ಸೀಮೆ ಹಿಡಿಸಲು ಬಹಳ ದಿನ ಬೇಕಾಯಿತು. ಸಜ್ಜೆಯ ಹೊಲ, ದಿಬ್ಬದ ಮೇಲೆಲ್ಲ ತಿರುಗುವ, ಕರೆಂಟು ತೆಗೆಯುವ ಗಾಳಿ ಫ್ಯಾನುಗಳು, ಬಟ್ಟೆ ಒಣಗಿಸಿದರೆ ಹಾರಿಸಿಕೊಂಡು ಹೋಗುವ ಗಾಳಿ. ಊರಿನ ಅರ್ಧ ಮಂದಿ ಹೊಲಕ್ಕೆ ಹೋದರೆ ಇನ್ನರ್ಧ ಕಲ್ಲಿನ ಕ್ವಾರಿಗೆ. ಮನೆಯಷ್ಟು ದೊಡ್ಡ ಕೆಂಪುಕಲ್ಲು ಹೊತ್ತ ಲಾರಿಗಳು ಶಾಲೆಯ ಮುಂದೆ ಏದುಸಿರು ಬಿಡುತ್ತ ಹೋಗುತ್ತಿದ್ದವು, ಒಳಗೆ ನಾನು ಅದೇ ಕಲ್ಲಿನ ಚಿತ್ರವನ್ನು ಪುಸ್ತಕದಲ್ಲಿ ತೋರಿಸುತ್ತಿದ್ದೆ. ಕೂಗಳತೆಯ ದೂರದಲ್ಲಿ ಕ್ವಾರಿ, ಕರೆದುಕೊಂಡು ಹೋಗುವಂತಿಲ್ಲ. "ಏನರ ಆದ್ರ ಯಾರು ಹೊಣಿ ಆಗೋರ್ರೀ ಅಕ್ಕೋರ?" ಎಂದು ಹೆಡ್‌ಮಾಸ್ತರರು ಪ್ರತಿ ವರ್ಷ ಕೇಳುತ್ತಿದ್ದರು. ಅವರು ಕೇಳುವುದು ತಪ್ಪೂ ಆಗಿರಲಿಲ್ಲ.

ಆ ವರ್ಷ ಯಾವುದೋ ಒಂದು ಸಂಸ್ಥೆಯವರು ನಮ್ಮ ಶಾಲೆಗೆ ಮುಖಕ್ಕೆ ಕಟ್ಟಿಕೊಳ್ಳುವ ದೊಡ್ಡ ಕನ್ನಡಕಗಳನ್ನು ಕೊಟ್ಟರು. ಅದನ್ನು ಹಾಕಿಕೊಂಡರೆ ಇದ್ದ ಕೋಣೆ ಮಾಯವಾಗಿ ಇನ್ನೊಂದು ಜಾಗದ ನಡುವೆ ನಿಂತಿರುತ್ತೀರಿ. ಬಲಕ್ಕೆ ತಿರುಗಿದರೆ ಅಲ್ಲಿಯ ಬಲಬದಿ, ತಲೆ ಎತ್ತಿದರೆ ಅಲ್ಲಿಯ ಆಕಾಶ. ಹೆಡ್‌ಮಾಸ್ತರರು ಅದಕ್ಕೆ 'ಕೂತಲ್ಲೇ ಪ್ರವಾಸ' ಎಂದು ಹೆಸರಿಟ್ಟು ಬೋರ್ಡು ಬರೆಸಿಬಿಟ್ಟರು. ಜೊತೆಗೆ ಕೊಟ್ಟಿದ್ದ ಗಣಿಗಳ ಚಿತ್ರಗಳಲ್ಲಿ ಹಿಮ ಬೀಳುತ್ತಿತ್ತು, ಮಾತು ಇಂಗ್ಲಿಷಿನದು. ನಮ್ಮ ಮಕ್ಕಳಿಗೆ ತಲೆ ಸುತ್ತಿದ್ದೊಂದೇ ಲಾಭ. ಹಾಗಾಗಿ ಸಂಸ್ಥೆಯವರಿಂದ ಕ್ಯಾಮೆರಾ ತರಿಸಿ ನಮ್ಮ ಕ್ವಾರಿಯ ಪಾಠವನ್ನು ನಾವೇ ತೆಗೆಯೋಣ ಎಂದು ನಾನು ಹಟ ಹಿಡಿದೆ. ಮಾತಾಡಲು ಯಮನೂರಪ್ಪನನ್ನು ಒಪ್ಪಿಸಿದೆ.

ಯಮನೂರಪ್ಪ ಆ ಕ್ವಾರಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದ. ಎಂಟನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಹುಲಿಗೆಮ್ಮ ಅವನ ಒಬ್ಬಳೇ ಮಗಳು. ಪಾಲಕರ ಸಭೆ ಎಂದರೆ ಕೆಲಸ ಬಿಟ್ಟು ಬರುತ್ತಿದ್ದ ಒಬ್ಬನೇ ತಂದೆ ಅವನು, ಬಂದು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತಿದ್ದ. ಕೆಲಸ ನಡೆಯುವಾಗ ಕ್ವಾರಿಯಲ್ಲಿ ಪಕ್ಕದವನ ಮಾತೂ ಕೇಳದು. ಅಮಾವಾಸ್ಯೆ ದಿನ ಮಾತ್ರ ಅಲ್ಲಿ ಯಾರೂ ಕಲ್ಲು ಮುಟ್ಟುವುದಿಲ್ಲ, ಹತಾರಗಳಿಗೆ ಪೂಜೆ ಮಾಡಿ ಮೂಲೆಗಿಡುತ್ತಾರೆ. ಸದ್ದಿಲ್ಲದ ದಿನ ಬೇಕೆಂದು ನಾನು ಅಮಾವಾಸ್ಯೆಯನ್ನೇ ಆರಿಸಿದೆ. ಅವನು ಹೆಗಲ ಮೇಲಿನ ಟವಲ್ಲು ತೆಗೆದು ಮತ್ತೆ ಹಾಕಿಕೊಂಡ.

"ಅಮಾಸಿಗೆ ನಾವು ಇಳಿಯಂಗಿಲ್ರಿ ಅಕ್ಕೋರ" ಎಂದ. ಆಮೇಲೆ ತಾನೇ ಸಮಾಧಾನ ಮಾಡಿಕೊಂಡು, "ಇರಲಿ, ಕಲ್ಲಿಗೆ ಉಳಿ ಹಚ್ಚಂಗಿಲ್ಲ. ಬರೇ ಮಾತಾಡ್ತೀನಿ. ಸಾಲಿ ಕೆಲಸ ಅಂದ್ರ ದೇವರೂ ಏನೂ ಅನ್ನಂಗಿಲ್ಲ" ಎಂದ.

ಮಾರ್ಚಿನ ಬಿಸಿಲು. ಕ್ವಾರಿಯ ತಳದಲ್ಲಿ ನಾವಿಬ್ಬರೇ. ನಾಲ್ಕೂ ಕಡೆ ಕೊಯ್ದ ಕೆಂಪು ಗೋಡೆ, ಮೇಲೆ ಒಂದು ಚೌಕ ಆಕಾಶ. ಆ ಕ್ಯಾಮೆರಾಕ್ಕೆ ಸುತ್ತಲೂ ಕಣ್ಣು, ಹತ್ತಿರ ನಿಂತವರೆಲ್ಲ ಅದರೊಳಗೆ ಬೀಳುತ್ತಾರೆ. ಅದಕ್ಕೇ ಕೋಲಿನ ಮೇಲೆ ಅದನ್ನಿಟ್ಟು ನಾನು ದೂರದ ಬಂಡೆಯ ಹಿಂದೆ ಅಡಗಬೇಕಿತ್ತು.

"ಯಾರೂ ಇಲ್ಲದ ಕಡಿ ಮಾರಿ ಮಾಡಿ ಹೆಂಗ ಮಾತಾಡೂದ್ರಿ?" ಎಂದು ಅವನು ನಾಚಿದ. ತುಸು ಯೋಚಿಸಿ ಕೋಲನ್ನು ತನ್ನ ಎದೆಮಟ್ಟಕ್ಕೆ ಇಳಿಸಿದ. "ನಮ್ಮ ಹುಲಿಗಿ ಇಷ್ಟ ಎತ್ತರ ಅದಾಳ್ರಿ. ಅಕಿ ನಿಂತಾಳ ಅಂತ ತಿಳಕೊಂತೀನಿ."

ಪಾಠ ನಾನು ಬರೆದು ಕೊಟ್ಟದ್ದು. ಪ್ರಶ್ನೆ ಕೇಳು, ಮಕ್ಕಳು ಉತ್ತರ ಹೇಳುವಷ್ಟು ಹೊತ್ತು ಸುಮ್ಮನಿರು, ಆಮೇಲೆ ಮುಂದಿನ ಮಾತು ಆಡು ಎಂದು ಹೇಳಿಕೊಟ್ಟಿದ್ದೆ. ಅವನು ಅದನ್ನು ನನಗಿಂತ ಚೆನ್ನಾಗಿ ಮಾಡಿದ. ಬಂಡೆಯ ಹಿಂದೆ ಕೂತ ನನಗೆ ಅವನು ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. "ಬಾ ಅವ್ವ, ಹಿಂಗ ಬಾ. ಈ ಕಲ್ಲಿನ್ಯಾಗ ಎಷ್ಟು ಬಣ್ಣ ಕಾಣ್ತಾವ, ಹೇಳು?" ಎಂದು ಸುಮ್ಮನಾಗುತ್ತಿದ್ದ. ಆ ಮೌನದಲ್ಲಿ ಯಾರೋ ನಿಜವಾಗಿ ಉತ್ತರಿಸುತ್ತಿದ್ದಾರೆ ಅನ್ನಿಸುವಷ್ಟು ಹದವಾಗಿ ಕಾದು, "ಹೂಂ, ಬರೋಬರಿ ಹೇಳಿದಿ" ಎನ್ನುತ್ತಿದ್ದ. ನನಗೆ ಯಾಕೋ ಎದ್ದು ನೋಡಬೇಕೆನಿಸಿತು. ಎದ್ದರೆ ಕ್ಯಾಮೆರಾದಲ್ಲಿ ಬೀಳುತ್ತೇನೆಂದು ಕೂತೆ.

ಮುಂಗಾರು ಆ ವರ್ಷ ಜೋರಾಗಿ ಬಂತು. ರಾತ್ರಿಯೆಲ್ಲ ಸುರಿದು ಬೆಳಗಿಗೆ ಬಿಟ್ಟ ಒಂದು ದಿನ ಮೇಲಿನ ಕಲ್ಲು ಜಾರಿತು. ಕೆಳಗೆ ಯಮನೂರಪ್ಪ ಒಬ್ಬನೇ ಇದ್ದ. ಕ್ವಾರಿ ಮುಚ್ಚಿತು, ಪಂಪುಗಳನ್ನು ಎತ್ತಿಕೊಂಡು ಹೋದರು. ನೀರು ತೆಗೆಯುವವರಿಲ್ಲದೆ ಕುಣಿ ದಿನದಿನಕ್ಕೆ ತುಂಬಿತು. ದಸರಾ ಹೊತ್ತಿಗೆ ನಾನು ಅಡಗಿ ಕೂತಿದ್ದ ಬಂಡೆಯೂ ಅವನು ನಿಂತು ಮಾತಾಡಿದ ನೆಲವೂ ಹಸಿರು ನೀರಿನ ತಳಕ್ಕೆ ಸೇರಿದ್ದವು.

ಆ ಪಾಠವನ್ನು ನಾನು ಬೀರುವಿನಲ್ಲಿಟ್ಟು ಮರೆತಂತೆ ಇದ್ದೆ. ದಸರಾ ರಜೆ ಮುಗಿಸಿ ಬಂದ ಹುಲಿಗೆಮ್ಮ ಸ್ಟಾಫ್‌ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು.

"ಅಕ್ಕೋರ, ನಮ್ಮಪ್ಪನ ಪಾಠ ಯಾವಾಗ್ರಿ?"

ಬೇಡವೆನ್ನಲು ನನ್ನಿಂದ ಆಗಲಿಲ್ಲ. ತಂದೆ ಮಾಡಿದ ಪಾಠವನ್ನು ಮಗಳಿಗೆ ಯಾವ ಬಾಯಲ್ಲಿ ಇಲ್ಲವೆನ್ನುವುದು? ತರಗತಿಯಲ್ಲಿ ಕನ್ನಡಕಗಳನ್ನು ಹಂಚಿದೆ. ಎಲ್ಲವನ್ನೂ ಒಂದೇ ಗಳಿಗೆಗೆ ಶುರು ಮಾಡಲು ಬರುತ್ತಿರಲಿಲ್ಲ, ಒಂದು ಮುಂದೆ ಒಂದು ಹಿಂದೆ ಓಡುತ್ತಿದ್ದವು. ಒಂದು ಮೂಲೆಯಲ್ಲಿ ಯಮನೂರಪ್ಪ "ಎಷ್ಟು ಬಣ್ಣ ಕಾಣ್ತಾವ?" ಎಂದು ಕೇಳುವಾಗ ಇನ್ನೊಂದು ಮೂಲೆಯಲ್ಲಿ "ಬರೋಬರಿ ಹೇಳಿದಿ" ಎನ್ನುತ್ತಿದ್ದ, ಮತ್ತೊಂದು ಕಡೆ "ಬಾ ಅವ್ವ" ಎಂದು ಈಗಷ್ಟೇ ಕರೆಯುತ್ತಿದ್ದ. ಮಕ್ಕಳು ಕಣ್ಣು ಕಟ್ಟಿಕೊಂಡು ಇಲ್ಲದ ಕಲ್ಲನ್ನು ಸವರುತ್ತಿದ್ದರು. ಕಣ್ಣು ಬಿಟ್ಟುಕೊಂಡಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಹಾಡಹಗಲಲ್ಲಿ, ನಾನೇ ಬರೆದ ಪಾಠ ಕೇಳುತ್ತ ಹೋಗಿ ಕೋಣೆಯ ಬಾಗಿಲು ತೆರೆದಿಟ್ಟೆ.

ಹುಲಿಗೆಮ್ಮ ಮಾತ್ರ ಎಲ್ಲೂ ತಡಕಾಡಲಿಲ್ಲ. ತಲೆ ಮೇಲೆತ್ತಿ ಒಂದೇ ಕಡೆ ನೋಡುತ್ತ ನಿಂತಿದ್ದಳು. ಬೇಸಿಗೆಯಿಂದೀಚೆ ಅವಳು ಉದ್ದವಾಗಿದ್ದಳು, ಕನ್ನಡಕದೊಳಗೆ ಮಾತ್ರ ಅಪ್ಪನ ಎದೆಮಟ್ಟಕ್ಕೇ ಇದ್ದಳು. "ಮೂರು, ಅಪ್ಪಾ. ಕೆಂಪು, ಬಿಳಿ, ಕರಿ" ಎಂದಳು ಮೆಲ್ಲಗೆ. "ಹೂಂ, ಬರೋಬರಿ ಹೇಳಿದಿ" ಎಂದ ಯಮನೂರಪ್ಪ.

ಅಂದಿನಿಂದ ದಿನಾ ಶಾಲೆ ಬಿಟ್ಟ ಮೇಲೆ ಬಂದು ಕೇಳಿ ಹಾಕಿಕೊಳ್ಳುತ್ತಿದ್ದಳು. ಮಗುವಿಗೆ ಸಮಾಧಾನವಾಗಲಿ ಎಂದು ಕೊಟ್ಟೆ. ನಾನು ಪಕ್ಕದಲ್ಲಿ ಪೇಪರು ತಿದ್ದುತ್ತ ಕೂರುತ್ತಿದ್ದೆ. ಕೆಲವು ದಿನಗಳಾದ ಮೇಲೆ ಅವಳು ಅವನ ಪ್ರಶ್ನೆಗಳಿಗೆ ಉತ್ತರ ಹೇಳುವುದನ್ನು ಬಿಟ್ಟಳು. ಅವನು ಸುಮ್ಮನಾದ ಜಾಗದಲ್ಲಿ ತಾನೇ ಏನೋ ಕೇಳುತ್ತಿದ್ದಳು.

"ಅಪ್ಪಾ, ಅವ್ವ ನಿನ್ನ ಅಂಗಿ ಯಾರಿಗೂ ಕೊಟ್ಟಿಲ್ಲ, ಹೌದಿಲ್ಲೋ?"

"ಹೂಂ, ಬರೋಬರಿ ಹೇಳಿದಿ."

ನನ್ನ ಕೈಯ ಕೆಂಪು ಪೆನ್ನು ನಿಂತುಬಿಟ್ಟಿತು. ಭೂತ ಪಿಶಾಚಿ ಎಲ್ಲ ಸುಳ್ಳು ಎಂದು ಮಕ್ಕಳಿಗೆ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. ಹುಡುಗಿ ಬುದ್ಧಿವಂತೆ, ಅವನ ಮಾತುಗಳಿಗೆ ತಕ್ಕಂತೆ ತನ್ನ ಪ್ರಶ್ನೆ ಜೋಡಿಸಿಕೊಂಡಿದ್ದಾಳೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ಸಂಜೆ ಅವಳು ಹೋದ ಮೇಲೆ ಕನ್ನಡಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಒಳಗಿನಿಂದ ಯಮನೂರಪ್ಪ, "ಯಾಕ ಸುಮ್ಮನಾದಿ? ಹೇಳು, ಅಂಜಬ್ಯಾಡ" ಎಂದ. ಯಾವುದೋ ಒಂದು ಬಂದ್ ಆಗದೆ ಉಳಿದಿತ್ತು. ಬೀಗ ತೆಗೆದು ಬಂದ್ ಮಾಡುವ ಧೈರ್ಯ ನನಗಾಗಲಿಲ್ಲ. ಚಾರ್ಜು ಮುಗಿದು ತಾನೇ ನಿಲ್ಲಲಿ ಎಂದು ಬಸ್ಸು ಹಿಡಿದೆ.

ಛಟ್ಟಿ ಅಮಾವಾಸ್ಯೆಯ ಮರುದಿನ ಹುಲಿಗೆಮ್ಮನ ತಾಯಿ ದುರಗವ್ವ ಶಾಲೆಗೆ ಬಂದಳು. ಒಳಗೆ ಕರೆದರೆ ಬರಲಿಲ್ಲ. ಬೇವಿನ ಗಿಡದ ಕೆಳಗೆ ಸೆರಗು ಹೊದ್ದು ನಿಂತೇ ಮಾತಾಡಿದಳು.

"ಸಿಟ್ಟಾಗಬ್ಯಾಡ್ರಿ ಅಕ್ಕೋರ. ಹುಲಿಗಿ ಅಪ್ಪನ್ನ ದಿನಾ ಕ್ವಾರಿಗೆ ಇಳಸ್ತೀರಂತ, ಖರೇ ಏನ್ರಿ?"

"ಅದು ಬರೇ ಚಿತ್ರ, ದುರಗವ್ವ. ಮನ್ಯಾಗ ಫೋಟೋ ಹಾಕಿರಲ್ಲ, ಹಂಗ."

"ಫೋಟೋ ಏನೂ ಕೇಳಂಗಿಲ್ರಿ. ಇವರು ಕೇಳ್ತಾರಂತ, ಅಕಿ ಹೇಳ್ತಾಳಂತ. ಸತ್ತವರು ಕರದ್ರ ಓ ಅನಬಾರದು ಅಂತ ನಮ್ಮ ಹಿರ್ಯಾರು ಹೇಳ್ಯಾರ." ಸೆರಗನ್ನು ಇನ್ನೂ ಬಿಗಿ ಮಾಡಿಕೊಂಡಳು. "ಊಟಕ್ಕ ಕುಂತಾಗ ಒಂದು ಮಾತಾಡಿ ಸುಮ್ಮನಾಗ್ತಾಳ್ರಿ. ತುಸು ತಡದು ಹೂಂ ಅಂತಾಳ. ಆಮ್ಯಾಲ ಇನ್ನೊಂದು ಮಾತು. ನಡುವ ಯಾರು ಮಾತಾಡಿದ್ರು? ನನಗ ಕೇಳಸಂಗಿಲ್ಲ."

ಅವಳು ಮುಂದುವರಿಸಿದಳು. "ಅಮಾಸಿ ದಿನ ಯಾರೂ ಇಳಿಯಂಗಿಲ್ಲ. ನೀವು ಇಳಿಸಿದ್ರಿ, ಅವರು ಇಳದ್ರು. ನಿನ್ನಿ ಅಮಾಸಿಗೆ ಎಡಿ ಹಿಡದು ಕುಂತಿದ್ವಿ, ಒಂದು ಕಾಗಿ ಮುಟ್ಟಲಿಲ್ಲ. ದುಡಿಯೋ ಮನಷ್ಯಾ ಉಣ್ಣಾಕ ಹೆಂಗ ಬಂದಾನ್ರಿ? ಬಿಡ್ರಿ ಅವರನ್ನ. ಅಳಿಸಿಬಿಡ್ರಿ."

ಕಾಗೆ ಮುಟ್ಟದಿರಲು ನೂರು ಕಾರಣ ಇರುತ್ತವೆ ಎಂದು ನನ್ನ ಬಾಯಿಗೆ ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡೆ. ಅಳಿಸಲೂ ಮನಸ್ಸು ಬರಲಿಲ್ಲ, ಅಳಿಸಿದರೆ ಆ ಮಗುವಿನ ಪಾಲಿಗೆ ಅವನು ಇನ್ನೊಮ್ಮೆ ಸಾಯುತ್ತಾನೆ ಅನ್ನಿಸಿತು. ನಡುವಿನ ದಾರಿ ಹಿಡಿದೆ. ಕನ್ನಡಕ ಕೆಟ್ಟಿದೆ, ರಿಪೇರಿಗೆ ಹೋಗಿದೆ ಎಂದು ಹುಲಿಗೆಮ್ಮನಿಗೆ ಹೇಳಿ ಬೀರುವಿನ ಕೀಲಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. ತರಗತಿಯಲ್ಲಿ ಮಾತ್ರ ನಾನು ಏನು ಕೇಳಿದರೂ ಒಂದೇ ಅಳತೆಯ ಮೌನದ ನಂತರ ಉತ್ತರ ಹೇಳುತ್ತಿದ್ದಳು. ಆ ಅಳತೆ ನನಗೆ ಗೊತ್ತಿತ್ತು. ನಾನೇ ಹೇಳಿಕೊಟ್ಟದ್ದು.

ಎಳ್ಳಮಾವಾಸ್ಯೆ ಬಂತು. ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಬುತ್ತಿ ಕಟ್ಟಿಕೊಂಡು ಎಲ್ಲ ಹೊಲಕ್ಕೆ ಹೋಗಿ, ಪೈರಿನ ಮೇಲೆ ಅನ್ನ ಎರಚಿ ಚರಗ ಚೆಲ್ಲಿ ಅಲ್ಲೇ ಉಣ್ಣುತ್ತಾರೆ. ದುರಗವ್ವ ತನ್ನ ಅಣ್ಣನ ಹೊಲಕ್ಕೆ ನನ್ನನ್ನೂ ಕರೆದಿದ್ದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹೋಳಿಗೆ ಬಿಚ್ಚಿಟ್ಟು ಎಲ್ಲರಿಗೂ ಬಡಿಸುವಾಗ ಹುಲಿಗೆಮ್ಮ ಇರಲಿಲ್ಲ. ಕಡಲೆ ಗಿಡ ಕೀಳಲು ಹೋಗಿರಬೇಕು ಎಂದರು. ಕಡಲೆ ಹೊಲದಲ್ಲೂ ಇರಲಿಲ್ಲ. ದುರಗವ್ವ ನನ್ನ ಮುಖ ನೋಡಿದಳು. ಇಬ್ಬರಿಗೂ ಒಂದೇ ಜಾಗ ಹೊಳೆದಿತ್ತು. ಎದ್ದು ಓಡಿದೆವು.

ಲಾರಿಗಳು ಕ್ವಾರಿಯ ತಳಕ್ಕೆ ಇಳಿಯುತ್ತಿದ್ದ ದಾರಿ ಈಗ ಸೀದಾ ನೀರಿನೊಳಗೆ ಹೋಗಿ ಮುಗಿಯುತ್ತಿತ್ತು. ಅಲ್ಲಿ ಗಾಳಿಯೂ ಇರಲಿಲ್ಲ. ಮೇಲೆ ಫ್ಯಾನುಗಳು ತಿರುಗುತ್ತಿದ್ದವು, ಕೆಳಗೆ ನೀರು ಅಲುಗದೆ ಕೂತಿತ್ತು. ಹುಲಿಗೆಮ್ಮ ಆ ದಾರಿಯಲ್ಲಿ ಮೊಳಕಾಲುಮಟ್ಟ ನೀರಿಗೆ ಇಳಿದು ನಿಂತಿದ್ದಳು. ಏನೋ ಹೇಳುತ್ತಾಳೆ, ಸುಮ್ಮನಾಗುತ್ತಾಳೆ, ಒಂದು ಹೆಜ್ಜೆ ಮುಂದೆ ಹೋಗುತ್ತಾಳೆ. ಮತ್ತೆ ಹೇಳುತ್ತಾಳೆ, ಸುಮ್ಮನಾಗುತ್ತಾಳೆ, ಇನ್ನೊಂದು ಹೆಜ್ಜೆ. ನಾನು ಸೀರೆ ಎತ್ತಿಕೊಳ್ಳುವುದನ್ನೂ ಮರೆತು ನೀರಿಗಿಳಿದು ಅವಳ ರಟ್ಟೆ ಹಿಡಿದೆ.

ಅವಳು ಗಾಬರಿಯಾಗಲಿಲ್ಲ. ನನ್ನತ್ತ ತಿರುಗಿ, "ಇಲ್ಲಿ ಅಪ್ಪ ಹೊಳ್ಳಿ ಮಾತಾಡವಲ್ಲ, ಅಕ್ಕೋರ" ಎಂದಳು. "ದೂರ ಆತೇನೋ. ಇನ್ನಷ್ಟು ಒಳಗ ಹೋದ್ರ ಕೇಳಸ್ತೈತೇನೋ."

ದಂಡೆಗೆ ಕರೆತಂದಾಗ ದುರಗವ್ವ ಮಗಳನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಒದ್ದೆ ಲಂಗ ಹಿಂಡುತ್ತ ಬಹಳ ಹೊತ್ತು ಕೂತಿದ್ದಳು.

"ಇಟ್ಟರ ಆ ಕನ್ನಡಕದಾಗ ಹೋಗ್ತಾಳ, ತಗದ್ರ ಈ ನೀರಾಗ ಹೋಗ್ತಾಳ" ಎಂದಳು ಕೊನೆಗೆ. "ನಾನೂ ಒಮ್ಮೆ ಅದನ್ನ ಹಾಕ್ಕೊಂತೀನಿ, ಅಕ್ಕೋರ. ಅವರನ್ನ ಕೇಳ್ತೀನಿ."

ಮರುದಿನ ಮಧ್ಯಾಹ್ನ ತಾಯಿ ಮಗಳಿಬ್ಬರೂ ಬಂದರು. ವಿಜ್ಞಾನದ ಕೋಣೆಯ ಕಿಟಕಿಗಳನ್ನೆಲ್ಲ ನಾನು ತೆರೆದಿಟ್ಟಿದ್ದೆ. ದುರಗವ್ವ ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದಳು, ಗುಡಿಗೆ ಬಂದವಳಂತೆ ಸೆರಗು ಸರಿ ಮಾಡಿಕೊಂಡಳು. ಅವಳಿಗೆ ಕನ್ನಡಕ ಕಟ್ಟಿ ಪಾಠ ಶುರು ಮಾಡಿದೆ.

"ಬಾ ಅವ್ವ, ಹಿಂಗ ಬಾ" ಎಂದ ಯಮನೂರಪ್ಪ.

ದುರಗವ್ವ ಎರಡೂ ಕೈಯಿಂದ ಬೆಂಚು ಹಿಡಿದುಕೊಂಡಳು. ಅವನು ಬಣ್ಣ ಕೇಳಿದ, ಅವಳು ಮಾತಾಡಲಿಲ್ಲ. ಬರೋಬರಿ ಎಂದ. ಬೆರಳ ಗೆಣ್ಣಿನಿಂದ ಕಲ್ಲು ಬಡಿದು ಸಪ್ಪಳ ಕೇಳಿಸಿದ. ಕಾಗೆಬಂಗಾರ ಯಾವುದು ತೋರಿಸು ಎಂದ. "ಯಾಕ ಸುಮ್ಮನಾದಿ? ಹೇಳು, ಅಂಜಬ್ಯಾಡ" ಎಂದಾಗ ಕನ್ನಡಕದ ಅಂಚಿನಿಂದ ಅವಳ ಕೆನ್ನೆಗೆ ನೀರಿಳಿಯಿತು. ಆಗಲೂ ಅವಳು ಬಾಯಿ ಬಿಡಲಿಲ್ಲ. ಹುಲಿಗೆಮ್ಮ ಅವ್ವನ ಎದುರು ನಿಂತು ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದಳು.

ಕಲ್ಲಿನ ಪಾಠ ಮುಗಿಯಿತು. ಅದಾದ ಮೇಲೆ ಕೊನೆಗೊಂದು ತುಣುಕಿತ್ತು. ಮಕ್ಕಳನ್ನು ಕಳಿಸಿಕೊಡುವ ಹಾಗೆ ಏನಾದರೂ ಹೇಳಿ ಮುಗಿಸು ಎಂದು ನಾನು ಅವನಿಗೇ ಬಿಟ್ಟದ್ದು. ಅಂದು ತರಗತಿಯಲ್ಲಿ ಅಷ್ಟು ಹೊತ್ತಿಗೆ ಗಂಟೆ ಬಾರಿಸಿ ಎಲ್ಲರೂ ಕನ್ನಡಕ ಕಳಚಿದ್ದರು. ಹುಲಿಗೆಮ್ಮ ಆ ಜಾಗ ಬರುವ ಮೊದಲೇ ಪ್ರತಿ ಸಲ ಹಿಂದಕ್ಕೆ ಒಯ್ದು ಮೊದಲಿನಿಂದ ಹಚ್ಚುತ್ತಿದ್ದಳು. ಈಗಲೂ ಅವಳ ಕೈ ಮುಂದೆ ಹೋಯಿತು. ನಾನು ಹಿಡಿದುಕೊಂಡೆ. ದುರಗವ್ವನಿಗೆ ಹಿಂದಕ್ಕೆ ಒಯ್ಯಲು ಬರುತ್ತಿರಲಿಲ್ಲ. ಅದು ಮುಂದೆ ಹೋಯಿತು.

"ಆತಲ್ಲ? ಇನ್ನೇನರ ಕೇಳೂದೈತೇನು?" ಎಂದ ಯಮನೂರಪ್ಪ. ಸುಮ್ಮನಾದ.

ದುರಗವ್ವ ತಲೆ ಎತ್ತಿದಳು. "ಮನಿಗೆ ಬರ್ತೀರ್ಯಾ?" ಎಂದಳು.

ಹುಲಿಗೆಮ್ಮ ತಲೆಯಾಡಿಸುವುದನ್ನು ನಿಲ್ಲಿಸಿದಳು.

"ನನ್ನ ಕೆಲಸ ಇಲ್ಲೇ ಐತವ್ವ. ನೀ ಮನಿಗೆ ನಡಿ. ಬಿಸಲಾಗ ನಿಂದರಬ್ಯಾಡ. ಕಾಲಾಗ ಕಲ್ಲು ಅದಾವ, ತಿರುಗಿ ನೋಡಬ್ಯಾಡ, ದಾರಿ ನೋಡ್ಕೊಂಡು ಹೋಗು."

ಮುಗಿಯಿತು. ದುರಗವ್ವ ತಾನೇ ಕನ್ನಡಕ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕಣ್ಣು ಒರೆಸಿಕೊಂಡು ಮಗಳ ಕೈ ಹಿಡಿದಳು.

"ಕೇಳಿದ್ಯಾ?" ಎಂದಳು.

ಹುಲಿಗೆಮ್ಮ ಅವ್ವನ ಹೊಟ್ಟೆಗೆ ಮುಖ ಒತ್ತಿ ದನಿ ತೆಗೆದು ಅತ್ತಳು. ಅಪ್ಪ ಸತ್ತ ದಿನವೂ ಅವಳು ಅತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಳು ಇಳಿದ ಮೇಲೆ ದುರಗವ್ವ, "ನಡಿಯವ್ವ. ಅಪ್ಪ ಹೋಗು ಅಂದಾರ" ಎಂದಳು.

ಇಬ್ಬರೂ ಮೈದಾನ ದಾಟಿ ಗೇಟಿನ ಕಡೆ ನಡೆದರು. ಮಣ್ಣು ಮಾಡಿ ಬರುವವರು ನಡೆಯುವ ಹಾಗೆ ನೆಟ್ಟಗೆ ನಡೆದರು, ಒಬ್ಬರೂ ತಿರುಗಿ ನೋಡಲಿಲ್ಲ. ಅವರು ಕಾಣದಂತಾಗುವವರೆಗೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಆಮೇಲೆ ಕನ್ನಡಕಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ತೆರೆದು ಪಾಠವನ್ನು ಅಳಿಸತೊಡಗಿದೆ. ನಿಜವಾಗಿ ಅಳಿಸಬೇಕೇ ಎಂದು ಪ್ರತಿಯೊಂದೂ ಕೇಳಿ ಕಾಯುತ್ತಿತ್ತು. ಪ್ರತಿಯೊಂದಕ್ಕೂ ನಾನು ಬಾಯಿಬಿಟ್ಟು "ಹೌದಪ್ಪ" ಎಂದೆ.